ಮಾಳಿಗೆ ಮೇಲೆ ಐದು ಕಡ್ಡಿ

ಮನೆಯಲ್ಲಿ ರೇಡಿಯೋ ಸ್ಕ್ಯಾನರ್ (ಒಂದಾದ ಮೇಲೊಂದು ಚಾನೆಲ್ ಹುಡುಕಿ ಕೇಳಿಸುವ ರೇಡಿಯೋ) ಇದೆ ಅಂದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ. ‘ಪೊಲೀಸ್ ವಯರ್‌ಲೆಸ್ ಕೇಳ್ತದೇನ್ರೀ?’ ಅದನ್ನು ಕೇಳುವ ಹಾಗಿಲ್ಲ, ಕಾನೂನಿಗೆ ವಿರುದ್ಧ. ನನಗೆ ಅದರ ಚಟವೂ ಇಲ್ಲ. ನನ್ನ ಹತ್ತಿರ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಇದೆ. ನನಗೆ ಬೇಕಾದದ್ದು 144ರಿಂದ 146 ಮೆಗಾಹರ್ಟ್ಸ್ ನಡುವೆ ಹ್ಯಾಮ್‌ಗಳು ಆಡುವ ಮಾತು, ಮತ್ತೆ ಅದರೊಳಗೇ ಇರುವ 145.800, ಅಂದರೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಾನೆಲ್. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಲ್ಲಿಂದ ನಮ್ಮ ಮಕ್ಕಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೋದಲ್ಲೇ.

ಆದರೆ ಧಾರವಾಡದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ, ಸ್ಕ್ಯಾನರ್ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾಕ್ಕೆ ಸಿಗುತ್ತಿದ್ದುದು ಬರೀ ಗೊರಗೊರ. ಒಂದು ಭಾನುವಾರ ಇದನ್ನು ಮುಗಿಸಿಯೇ ಬಿಡೋಣ ಅಂತ ಕೂತೆ. ಯಾವ ಆಂಟೆನಾ ತರಿಸಲಿ ಅಂತ ಹುಬ್ಬಳ್ಳಿಯ ಹಿರಿಯ ಹ್ಯಾಮ್ ಒಬ್ಬರಿಗೆ ಫೋನ್ ಮಾಡಿದರೆ ಅವರು, ‘ಆಂಟೆನಾ ಆಮ್ಯಾಲೆ ನೋಡೂಣು, ಮೊದಲ ಮನಿ ಮೇನ್ ಸ್ವಿಚ್ ಬಂದ್ ಮಾಡ್ರಿ’ ಅಂದರು.

ಸ್ಕ್ಯಾನರನ್ನು ಬ್ಯಾಟರಿ ಮೇಲೆ ಹಾಕಿ, ಇನ್ವರ್ಟರ್ ಸಮೇತ ಎಲ್ಲ ಬಂದ್ ಮಾಡಿದೆ. ಸ್ಕ್ಯಾನರಿನ ಸಿಗ್ನಲ್ ಮೀಟರಿನ ಗೆರೆಗಳು ಪಟಕ್ಕನೆ ಇಳಿದವು. ಗೊರಗೊರದ ಹಿಂದೆ ಅಡಗಿದ್ದ ಒಂದು ತೆಳು ದನಿ ಮೇಲೆ ಬಂತು! ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತಾ ಹೋದೆ. ಗೊರಗೊರ ಎಬ್ಬಿಸುತ್ತಿದ್ದ ಕಳ್ಳರು ಇಬ್ಬರು. ಅಡುಗೆಮನೆಯ ಅಗ್ಗದ ಎಲ್ಇಡಿ ಬಲ್ಬ್, ಮತ್ತೆ ಅದೇ ಇನ್ವರ್ಟರ್. ಬಲ್ಬ್ ಬದಲಿಸಬಹುದು. ಇನ್ವರ್ಟರ್ ತೆಗೆಯೋಕೆ ಅವ್ವ ಬಿಡಬೇಕಲ್ಲ. ಹಾಗಾಗಿ ಆಂಟೆನಾ ಇದರಿಂದ ದೂರ, ಮಾಳಿಗೆ ಮೇಲೆ ಹೋಗಲೇಬೇಕು ಅನ್ನೋದು ಅಲ್ಲೇ ನಿರ್ಧಾರ ಆಯ್ತು.

ಇನ್ನು ಯಾವುದು ಅಂತ. ಸ್ಕ್ಯಾನರ್ ಇಟ್ಟವರೆಲ್ಲ ಹೇಳುವುದು ಡಿಸ್ಕೋನ್ ಆಂಟೆನಾ. ಮೇಲೆ ತಟ್ಟೆಯಂತೆ ಹರಡಿದ ಕಡ್ಡಿಗಳು, ಕೆಳಗೆ ಇಳಿಬಿದ್ದ ಕಡ್ಡಿಗಳು. ಒಂದೇ ಆಂಟೆನಾ ಹತ್ತಾರು ಬ್ಯಾಂಡ್ (ತರಂಗಗಳ ಪಟ್ಟಿ) ಹಿಡಿಯುತ್ತದೆ. ಚೆನ್ನಾಗಿದೆ, ಆದರೆ ನನಗೆ ಬೇಕಾದದ್ದು ಒಂದೇ ಬ್ಯಾಂಡ್. ಮೇಲಾಗಿ ಅದು ಯಾವ ಸಿಗ್ನಲ್ಲನ್ನೂ ಎರಡೇ ಕಡ್ಡಿಯ ಸಾದಾ ಡೈಪೋಲ್‌ಗಿಂತ ಜಾಸ್ತಿ ಜೋರಾಗಿ ಕೊಡುವುದಿಲ್ಲ, ಊರಿನ ಎಫ್‌ಎಂ ಸ್ಟೇಷನ್‌ಗಳನ್ನೂ ಬಾಚಿಕೊಂಡು ತಂದು ಸ್ಕ್ಯಾನರ್ ತಲೆ ಮೇಲೆ ಸುರಿಯುತ್ತದೆ. ಅದರ ಜೊತೆ ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಬೇರೆ ಹಾಕಿದರೆ ಕಥೆ ಮುಗಿಯಿತು. ಯಾಗಿ ಆಂಟೆನಾ ಜೋರು ಕೊಡುತ್ತದೆ, ಆದರೆ ತಿರುಗಿಸಿದ ದಿಕ್ಕಿಗೆ ಮಾತ್ರ. ಹುಬ್ಬಳ್ಳಿ ಒಂದು ಕಡೆ, ಬೆಳಗಾವಿ ಇನ್ನೊಂದು ಕಡೆ, ಯಾರು ಮಾಳಿಗೆ ಹತ್ತಿ ತಿರುಗಿಸುತ್ತಾ ಕೂರೋದು?

ಉಳಿದದ್ದು ಗ್ರೌಂಡ್ ಪ್ಲೇನ್. ನಡುವೆ ನೆಟ್ಟಗೆ ಒಂದು ಕಡ್ಡಿ, ಸುತ್ತ ನಾಲ್ಕು. ಲೆಕ್ಕ ಸುಲಭ. 300ನ್ನು 145.8ರಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 2.06 ಮೀಟರ್. ಅದರ ಕಾಲು ಭಾಗ 51 ಸೆಂಟಿಮೀಟರ್, ತಂತಿಯಾದ್ದರಿಂದ ಸ್ವಲ್ಪ ಕತ್ತರಿಸಿ 49. ಇದೇ ಲೆಕ್ಕ 765 ಕಿಲೋಹರ್ಟ್ಸಿನ ನಮ್ಮ ಧಾರವಾಡ ಆಕಾಶವಾಣಿಗೆ ಹಾಕಿದರೆ ಕಾಲು ಭಾಗವೇ 98 ಮೀಟರ್ ಆಗುತ್ತದೆ. ನಾನು ಬಚಾವ್.

ಹಾರ್ಡ್‌ವೇರ್ ಅಂಗಡಿಯಲ್ಲಿ ದಪ್ಪ ತಾಮ್ರದ ತಂತಿ ಸಿಕ್ಕಿತು. ಆಂಟೆನಾ ಕೇಬಲ್ ಸಿಕ್ಕಿಸುವ ಎಸ್‌ಒ-239 ಸಾಕೆಟ್ ಮನೆಯಲ್ಲೇ ಇತ್ತು. ನಡುವಿನ ಪಿನ್ನಿಗೆ 49 ಸೆಂಟಿಮೀಟರಿನ ತುಂಡು ಬೆಸುಗೆ ಹಾಕಿದೆ. ನಾಲ್ಕು ಮೂಲೆಯ ತೂತಿಗೆ ಸ್ವಲ್ಪ ಉದ್ದನೆಯ ನಾಲ್ಕು ತುಂಡು ಬಿಗಿದು ಕೆಳಕ್ಕೆ 45 ಡಿಗ್ರಿ ಬಗ್ಗಿಸಿದೆ. ಹಾಗೆ ಬಗ್ಗಿಸಿದರೆ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 50 ಓಮ್ ಹತ್ತಿರ, ಅಂದರೆ ಸ್ಕ್ಯಾನರಿಗೆ ಹೊಂದುವ ಹಾಗೆ ಬರುತ್ತದೆ.

ಕೇಬಲ್ ವಿಷಯದಲ್ಲಿ ಮಾತ್ರ ಬಹಳ ಯೋಚಿಸಿದೆ. ಸ್ಕ್ಯಾನರ್ 50 ಓಮ್, ಆದ್ದರಿಂದ ಆರ್‌ಜಿ-58 ಸರಿ ಅನ್ನುತ್ತಾರೆ. ಆದರೆ ಆ ತೆಳು ಕೇಬಲ್ ದಾರಿಯಲ್ಲೇ ಸಿಗ್ನಲ್ ತಿನ್ನುವುದು ಜಾಸ್ತಿ. ಡಿಶ್‌ಗೆ ಹಾಕುವ ಆರ್‌ಜಿ-6 ಹೆಸರಿಗೆ 75 ಓಮ್, ಆದರೂ ಬರೀ ಕೇಳುವ ಕೆಲಸಕ್ಕೆ ಆ ವ್ಯತ್ಯಾಸದಿಂದ ಹೋಗುವುದು 0.2 ಡೆಸಿಬಲ್‌ನಷ್ಟು, ಲೆಕ್ಕಕ್ಕೇ ಇಲ್ಲ. ಅಗ್ಗ ಬೇರೆ. ಹೀಗಾಗಿ ಬಡಾವಣೆಯ ಕೇಬಲ್ ಹುಡುಗನನ್ನೇ ಕರೆದೆ. ಅವನು ಮಾಳಿಗೆ ಹತ್ತಿ ಸುತ್ತ ನೋಡಿ, ‘ಸರ್ರ, ಡಿಶ್ ಎಲ್ಲೈತ್ರೀ?’ ಅಂದ. ಪೈಪಿನ ತುದಿಯ ಐದು ಕಡ್ಡಿ ತೋರಿಸಿದೆ. ನಂಬಿದ ಹಾಗೆ ಕಾಣಲಿಲ್ಲ, ಆದರೆ ಕೇಬಲ್ ಮಾತ್ರ ನೀಟಾಗಿ ಎಳೆದುಕೊಟ್ಟ. ಅವ್ವನದು ಬೇರೆ ಚಿಂತೆ. ‘ತಮ್ಮಾ, ಮಂಗ್ಯಾ ಬಂದು ಕಿತ್ತ ಒಗದ್ರ?’

ಸಂಜೆ ನಿಲ್ದಾಣ ನಮ್ಮ ಮೇಲೆ ಹಾದು ಹೋಗುವ ಹೊತ್ತಿತ್ತು. 145.800ರಲ್ಲಿ ಯಾರೂ ಮಾತಾಡಲಿಲ್ಲ. 145.825ಕ್ಕೆ ಹಾಕಿದರೆ, ಹ್ಯಾಮ್‌ಗಳು ಕಳಿಸಿದ್ದನ್ನು ನಿಲ್ದಾಣ ಮರಳಿ ಕಳಿಸುವ ಡಿಜಿಟಲ್ ಸಂದೇಶಗಳು ಪರ್ ಪರ್ ಅಂತ ಸ್ಪಷ್ಟವಾಗಿ ಬಂದವು. ಕೆಳಗಿನ ಕೋಣೆಯಲ್ಲಿ ಇದು ಒಮ್ಮೆಯೂ ಕೇಳಿರಲಿಲ್ಲ. ತಮಾಷೆ ಅಂದರೆ, ನಿಲ್ದಾಣ ದೂರದಲ್ಲಿದ್ದಾಗ ಜೋರಾಗಿದ್ದ ಸದ್ದು ಸರಿಯಾಗಿ ನೆತ್ತಿ ಮೇಲೆ ಬಂದಾಗ ಕುಗ್ಗಿತು. ನೆಟ್ಟಗೆ ನಿಂತ ಕಡ್ಡಿಗೆ ನೇರ ಮೇಲಿನದು ಸರಿಯಾಗಿ ಕೇಳುವುದಿಲ್ಲ, ಅದರ ಗುಣವೇ ಹಾಗೆ. ಅದಕ್ಕೆ ಎರಡು ಕಡ್ಡಿಗಳನ್ನು 120 ಡಿಗ್ರಿಗೆ ಬಿಡಿಸಿ ಅಡ್ಡ ಮಲಗಿಸುವ ವಿ ಡೈಪೋಲ್ ಒಳ್ಳೆಯದು. ತಾಮ್ರದ ತಂತಿ ಇನ್ನೂ ಉಳಿದಿದೆ. ಸದ್ಯ ಗುಡುಗು ಕೇಳಿದರೆ ಕೇಬಲ್ ಕಿತ್ತು ಹೊರಗೇ ಬಿಡುತ್ತೇನೆ. ಅಡ್ಡಮಳೆ ಸಿಡಿಲಿನ ಕಾಟ ಮುಗಿದ ಮೇಲೆ ಆ ವಿ ಡೈಪೋಲನ್ನೂ ಏರಿಸಬೇಕು.