ನಮ್ಮ ಸೋಫಾ ಮೇಲಿನ ಮ್ಯಾಪ್ ಯಾವ ದೇಶದ್ದು?

ಮನೆಗೆ ಯಾರೇ ಬರಲಿ, ಕಾಫಿ ಬರುವಷ್ಟರಲ್ಲಿ ಈ ಪ್ರಶ್ನೆ ಬಂದಿರುತ್ತದೆ. "ಇದು ಯಾವ ದೇಶದ ಮ್ಯಾಪು?" ಸೋಫಾ ಮೇಲೆ ಒಂದು ಉದ್ದ ದಿಂಬಿದೆ, ಅದರ ವಿಷಯ. ಮೊನ್ನೆ ಚಿಕ್ಕಮ್ಮ ಅಂತೂ "ಪ್ರಿಂಟೇ ಸೊಟ್ಟ ಬಂದಿದೆಯಲ್ಲೋ, ವಾಪಸ್ ತಗೊಳ್ಳಲ್ವಾ?" ಅಂದರು.

ಪ್ರಿಂಟ್ ಸರಿಯಾಗೇ ಇದೆ. ಅದು ಟಾಲೆಮಿಯ ಜಗತ್ತು. ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೂತು ಗ್ರೀಕ್ ಭಾಷೆಯಲ್ಲಿ ಭೂಗೋಳದ ಪುಸ್ತಕ ಬರೆದವನು ಇವನು. ಸುಮಾರು 8,000 ಜಾಗಗಳ ಹೆಸರು ಅದರಲ್ಲಿದೆ. ನಾವಿಕರು, ವ್ಯಾಪಾರಿಗಳು ಹೇಳಿದ್ದು, ಹಿಂದಿನವರು ಬರೆದಿಟ್ಟಿದ್ದು ಎಲ್ಲ ಸೇರಿಸಿ ಅಕ್ಷಾಂಶ ರೇಖಾಂಶ ಗೊತ್ತು ಮಾಡಿದ್ದ. ಹಾಗಾಗಿ ನಮ್ಮ ಪಶ್ಚಿಮ ಕರಾವಳಿ ದಕ್ಷಿಣಕ್ಕೆ ಇಳಿಯುವ ಬದಲು ಪೂರ್ವಕ್ಕೆ ಅಡ್ಡಡ್ಡ ಹೋಗುತ್ತದೆ, ಇಂಡಿಯಾದ ಮೇಲೆ ಯಾರೋ ಕೂತು ಎದ್ದ ಹಾಗೆ (ದಿಂಬಿಗೆ ಒಪ್ಪುತ್ತದೆ ಬಿಡಿ). ಪಕ್ಕದಲ್ಲಿ ಶ್ರೀಲಂಕಾ, ಹೆಸರು ತಪ್ರೊಬಾನೆ, ಗಾತ್ರ ನೋಡಿದರೆ ಗಾಬರಿಯಾಗಬೇಕು. ಹಿಂದೂ ಮಹಾಸಾಗರಕ್ಕೆ ದಕ್ಷಿಣದಲ್ಲೂ ನೆಲ, ಸಮುದ್ರ ಹೋಗಿ ದೊಡ್ಡ ಕೆರೆಯಾಗಿದೆ!

ಇನ್ನೊಂದು ಮಾತು. ಟಾಲೆಮಿ ಕಾಲದ ಮ್ಯಾಪ್ ಒಂದೂ ಉಳಿದಿಲ್ಲ. ಉಳಿದಿದ್ದು ಪುಸ್ತಕ, ಅದರಲ್ಲಿನ ಅಂಕಿಗಳು. ಅದನ್ನಿಟ್ಟುಕೊಂಡು ನೂರಾರು ವರ್ಷ ಆದಮೇಲೆ ಬೇರೆಯವರು ಮ್ಯಾಪ್ ಬರೆದರು. ನನ್ನ ದಿಂಬಿನ ಮೇಲಿರುವುದು 1482ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಮರದ ಅಚ್ಚಿನಿಂದ ಒತ್ತಿದ್ದು. ಅಕ್ಷರ ಲ್ಯಾಟಿನ್, ಸಮುದ್ರ ಕಡುನೀಲಿ, ಸುತ್ತಲೂ ಕೆನ್ನೆ ಉಬ್ಬಿಸಿ ಗಾಳಿ ಊದುವ ತಲೆಗಳು. ಟಾಲೆಮಿಗಿಂತ ಹಿಂದಿನ ಗ್ರೀಕ್ ಭೂಗೋಳಕಾರರಾದ ಹೆಕಟೇಯಸ್, ಎರಟೋಸ್ಥನೀಸ್ ಹೆಸರಲ್ಲಿ ಸಿಗುವ ಮ್ಯಾಪ್‌ಗಳಂತೂ ಹೆಚ್ಚಾಗಿ 19ನೇ ಶತಮಾನದ ವಿದ್ವಾಂಸರು ಊಹಿಸಿ ಬರೆದದ್ದು. ಅದೇನೂ ತಪ್ಪಲ್ಲ, ಗೊತ್ತಿದ್ದು ಕೊಳ್ಳಿ ಅಷ್ಟೇ. ನಾನು ಮೊದಲ ಸಲ ಆನ್‌ಲೈನಲ್ಲಿ ತರಿಸಿದ "ಪುರಾತನ ಗ್ರೀಕ್ ಮ್ಯಾಪ್" ಕುಶನ್‌ನಲ್ಲಿ ಅಮೆರಿಕ ಇತ್ತು! ಈಗ ಅದು ನಾಯಿ ಮಲಗುವ ಜಾಗದಲ್ಲಿದೆ.

ಹಾಕುವುದು ಹೇಗೆ ಅಂತಲೂ ಕೇಳುತ್ತಾರೆ. ಈ ಮ್ಯಾಪ್ ಅಗಲ ಜಾಸ್ತಿ. ಚೌಕದ ಕುಶನ್‌ಗೆ ಹಾಕಿಸಿದರೆ ಒಂದು ಕಡೆ ಸ್ಪೇನ್ ಹೋಗುತ್ತದೆ, ಇನ್ನೊಂದು ಕಡೆ ಚೀನಾ. 12ಕ್ಕೆ 20 ಇಂಚಿನ ಉದ್ದ ದಿಂಬೇ ಸರಿ. ಸುತ್ತ ಒಂದಿಂಚು ಖಾಲಿ ಬಟ್ಟೆ ಬಿಡಿಸಿ, ಇಲ್ಲವಾದರೆ ಗಾಳಿ ಊದುವವರ ತಲೆಯೆಲ್ಲ ಹೊಲಿಗೆಯೊಳಗೆ ಹೋಗುತ್ತವೆ. ಒಳದಿಂಬು ಗವಸಿಗಿಂತ ಎರಡಿಂಚು ದೊಡ್ಡದಿರಲಿ, ಆಗ ಮ್ಯಾಪ್ ಸುಕ್ಕಾಗಲ್ಲ. ಬಟ್ಟೆ ದಪ್ಪ ಹತ್ತಿಯದ್ದು, ಒಣಗಿಸುವುದು ನೆರಳಲ್ಲಿ. ಮತ್ತೆ, ಒಂದು ಸಾಕು, ಹೆಚ್ಚೆಂದರೆ ಎರಡು. ಪಕ್ಕಕ್ಕೆ ಗುಳೇದಗುಡ್ಡದ ಖಣದ ಗವಸು ಹಾಕಿದ್ದೇನೆ, ಆ ಕಡುಗೆಂಪು ಈ ನೀಲಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ಬಂದವರು ಖಣವನ್ನೂ ಗ್ರೀಸಿನದ್ದು ಅಂದುಕೊಳ್ಳುತ್ತಾರೆ. ಗೋಡೆಗೆ ಮ್ಯಾಪ್, ಪರದೆಗೂ ಮ್ಯಾಪ್ ಅಂತ ಹೊರಟರೆ ಮನೆ ಟ್ರಾವೆಲ್ ಏಜೆನ್ಸಿ ಆಫೀಸಾಗುತ್ತದೆ.

ಚಿಕ್ಕಮ್ಮನಿಗೆ ಇಷ್ಟೆಲ್ಲ ಹೇಳಿದೆ, ಅರ್ಧ ಕಿವಿಯಲ್ಲಿ ಕೇಳಿದರು. ಟಾಲೆಮಿ ನಮ್ಮ ಬನವಾಸಿಯ ಹೆಸರನ್ನೂ ಬರೆದಿದ್ದಾನೆ ಅಂದಾಗ ಮಾತ್ರ ಕನ್ನಡಕ ಹಾಕಿಕೊಂಡರು. ಅವರ ತವರು ಶಿರಸಿ ಕಡೆ. ಬನವಾಸಿ ಹುಡುಕಬೇಕಾದ್ದು ಜಗತ್ತಿನ ಮ್ಯಾಪ್‌ನಲ್ಲಲ್ಲ, ಅದೇ ಪುಸ್ತಕದ ಏಷ್ಯಾದ ಹತ್ತನೇ ಮ್ಯಾಪ್‌ನಲ್ಲಿ, ಗಂಗೆಯ ಈಚೆಗಿನ ಇಂಡಿಯಾ ಇರುವುದು ಅಲ್ಲಿ ಅಂದೆ.

"ಹಾಗಿದ್ರೆ ಅದನ್ನೇ ಹಾಕಿಸ್ಕೊಡು ನಂಗೊಂದು. ಜಿಪ್ ಮಾತ್ರ ಹಿಂದುಗಡೆ ಬೇಡ, ಬೆನ್ನಿಗೆ ಚುಚ್ಚುತ್ತೆ."