ಬೆಂಚಿನವರ ಮಾತು ಕೇಳಿ ಮಷೀನ್ ಹಿಡಿಯಬೇಡಿ

ಕಟಿಂಗ್ ಕೆಲಸದಲ್ಲಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೇರ್ ಟ್ರಾನ್ಸ್‌ಪ್ಲಾಂಟ್, ಅಂದರೆ ತಲೆಯ ಹಿಂದಿನ ಕೂದಲು ತೆಗೆದು ಬೋಳಾದ ಕಡೆ ನೆಡುವ ಆಪರೇಷನ್, ಮಾಡಿಸಿಕೊಂಡವರು, ಮಾಡಿಸಿಕೊಳ್ಳಬೇಕು ಅಂತ ಇರುವವರು ಕೂಡ ಓದಿದರೆ ಒಳ್ಳೆಯದು.

ಶಿವಮೊಗ್ಗದ ಸಲೂನುಗಳಲ್ಲಿ ಈಗ ಟ್ರಾನ್ಸ್‌ಪ್ಲಾಂಟ್ ತಲೆ ಅಪರೂಪವೇನಲ್ಲ. ಹೊರಗಿನ ಊರಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಮುಂದಿನ ಕೂದಲು ಊರೆಲ್ಲ ನೋಡುತ್ತದೆ. ಹಿಂದೆ ಏನಾಗಿದೆ ಅನ್ನುವುದು ಮೊದಲು ಕಾಣುವುದು ನಮ್ಮ ಕಣ್ಣಿಗೆ.

ಮದುವೆ ಸೀಸನ್ನಿನ ಒಂದು ಸಂಜೆ. ದುರ್ಗಿಗುಡಿ ಕಡೆ ಒಂದು ಸಲೂನಿನಲ್ಲಿ ಆಗ ಕೆಲಸಕ್ಕಿದ್ದೆ. ಎಲ್ಲಾ ಕುರ್ಚಿ ಫುಲ್. ಒಂದು ತಲೆಗೆ ಇಪ್ಪತ್ತು ನಿಮಿಷ ಅಂತ ಓನರ್ ಲೆಕ್ಕ ಹಾಕಿಕೊಂಡು ಕೌಂಟರಿನಲ್ಲಿ ಕೂತಿರುತ್ತಿದ್ದರು. ಹೊಸನಗರ ಕಡೆಯ ಒಬ್ಬ ಮದುಮಗ ಬಂದ. ಜೊತೆಗೆ ಹುಡುಗಿಯ ತಮ್ಮ, ಅವನ ಇಬ್ಬರು ಸ್ನೇಹಿತರು. ಮರುದಿನವೇ ಮದುವೆ.

ಕೇಪ್ ಕಟ್ಟುವಾಗ ಮದುಮಗ ಸಣ್ಣ ದನಿಯಲ್ಲಿ, "ಹಿಂದೆ ಸ್ವಲ್ಪ ಉದ್ದ ಇರ್ಲಿ ಅಣ್ಣಾ" ಅಂದ. ಅಷ್ಟರಲ್ಲಿ ಬೆಂಚಿನಿಂದ ಹುಡುಗಿಯ ತಮ್ಮ ಕೂಗಿದ: "ಭಾವಂಗೆ ಹಿಂದೆ ಟೈಟ್ ಆಗಿ ಹೊಡಿರಿ, ನಂಬರ್ ಟೂ ಹಾಕಿ, ಕೆಳಗೆ ಫೇಡ್ ಕೊಡಿ. ಫೋಟೋದಲ್ಲಿ ಚೆನ್ನಾಗಿ ಬರ್ಬೇಕು." ನಾನು ಕನ್ನಡಿಯಲ್ಲಿ ಮದುಮಗನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡೆ. ಕುರ್ಚಿಯಲ್ಲಿದ್ದವನು ಬಾಯಿಬಿಟ್ಟು ಹೇಳಿದ್ದನ್ನು ಬಿಟ್ಟು ಬೆಂಚಿನವನ ಮಾತಿಗೆ ಮಷೀನ್ ಆನ್ ಮಾಡಿದೆ.

ಬಲಗಡೆ ಕುತ್ತಿಗೆಯಿಂದ ಮೇಲಕ್ಕೆ ಒಂದು ಸಲ ಎಳೆದೆ. ಕಿವಿಯ ಹಿಂದೆ ಬೆಳ್ಳಗೆ ಏನೋ ಕಂಡಿತು. ಎದೆ ಧಸಕ್ ಅಂತು. ಕೂದಲು ಎಷ್ಟು ಉದ್ದ ಉಳಿಯಬೇಕೋ ಅದಕ್ಕೆ ತಕ್ಕ ನಂಬರಿನದು ಬ್ಲೇಡಿಗೆ ಸಿಕ್ಕಿಸುವ ಗಾರ್ಡ್ ಜಾರಿ, ಬರೀ ಬ್ಲೇಡ್ ತಾಗಿದೆ ಅಂದುಕೊಂಡೆ. ಹಾಗೆ ಅನ್ನಿಸುವುದಕ್ಕೂ ಕಾರಣ ಇತ್ತು. ಅಲ್ಲಿದ್ದ ಗಾರ್ಡುಗಳ ಕ್ಲಿಪ್ ಸಡಿಲ. ಹೊಸ ಸೆಟ್ ತರಿಸಿ ಅಂತ ನಾವೆಲ್ಲ ಹೇಳಿ ಹೇಳಿ ಸಾಕಾಗಿತ್ತು. ಕನ್ನಡಿಗೆ ಲೈಟ್ ಹಾಕಿಸಲು ದುಡ್ಡಿತ್ತು, ಗಾರ್ಡಿಗೆ ಇರಲಿಲ್ಲ. ಅವತ್ತು ನೋಡಿದರೆ ಗಾರ್ಡ್ ಗಟ್ಟಿಯಾಗಿಯೇ ಕೂತಿತ್ತು. ಆದರೂ ತಲೆ ಓಡಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಲ ಎಳೆದರೆ ಬ್ಲೆಂಡ್ ಆಗುತ್ತದೆ ಅಂತ ಎಳೆದೆ. ಬಿಳಿ ಗೆರೆ ಇನ್ನೂ ಉದ್ದ ಆಯಿತು. ಅಡಿಕೆ ಮರದ ಮೈಮೇಲಿನ ಬಳೆಯ ಹಾಗೆ ಅಡ್ಡಕ್ಕೆ ಹೋಗುತ್ತಿತ್ತು.

ಆಗ ಮಷೀನ್ ನಿಲ್ಲಿಸಿ ಬೆರಳು ಇಟ್ಟೆ. ನುಣುಪಾದ ಚರ್ಮ. ಒಂದು ಮೊಳಕೆ ಕೂದಲೂ ಬೆರಳಿಗೆ ತಾಗಲಿಲ್ಲ. ಕಿರುಬೆರಳಗಲದ ಗೆರೆ, ಈ ಕಿವಿಯ ಹಿಂದಿನಿಂದ ಆ ಕಿವಿಯ ಕಡೆಗೆ. ಬೆಂಚಿಗೂ ಕುರ್ಚಿಗೂ ನಡುವೆ ಬಂದು ನಿಂತೆ. ಬಗ್ಗಿ ಕೇಳಿದೆ: "ಹೊಲಿಗೆ ಗುರುತಾ?" ಅವನು ಕಣ್ಣು ಮುಚ್ಚಿಕೊಂಡ. "ಅವರ್‍ಯಾರಿಗೂ ಗೊತ್ತಿಲ್ಲ ಅಣ್ಣಾ."

ಏನು ಮಾಡುವುದು ಅಂತ ಯೋಚಿಸುವಷ್ಟರಲ್ಲಿ ಪಕ್ಕದ ಕುರ್ಚಿಯ ಹುಡುಗ ಜೋರಾಗಿ, "ಅಣ್ಣಾ, ಗಾರ್ಡ್ ಬಿತ್ತಾ?" ಅಂದ. ಬೆಂಚಿನ ಮೂವರೂ ಎದ್ದು ನಿಂತರು. ನಾನು, "ಹೌದು, ಗಾರ್ಡ್ ಜಾರಿತು. ನನ್ನಿಂದಾನೇ ಆಗಿದ್ದು. ಸರಿ ಮಾಡ್ತೀನಿ" ಅಂದೆ. ಹುಡುಗಿಯ ತಮ್ಮ ಕೂಗಾಡಿದ. ಓನರ್ ಬಂದು ಎಲ್ಲರೆದುರಿಗೆ ಬೈದರು. ಆ ಬಿಲ್ ನನ್ನ ಸಂಬಳದಲ್ಲಿ ಹಿಡಿದರು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದರ ಬಗ್ಗೆ ಬೇಜಾರಿಲ್ಲ. ಬೇಜಾರಿರುವುದು ಆ ಎರಡನೇ ಸಲ ಎಳೆದದ್ದಕ್ಕೆ.

ಆಮೇಲೆ ಕತ್ತರಿ, ಬಾಚಣಿಗೆಯಲ್ಲೇ ಮುಗಿಸಿದೆ. ಮೇಲಿನ ಉದ್ದ ಕೂದಲನ್ನು ಗೆರೆ ದಾಟಿ ಕೆಳಗೆ ಇಳಿಸಿದೆ. ಫೇಡ್ ಏನಿದ್ದರೂ ಗೆರೆಗಿಂತ ಕೆಳಗೆ ಮಾತ್ರ. ಖಾಲಿಯಾದ ಎರಡು ಪಟ್ಟಿಗೆ ಕೂದಲಿನ ಬಣ್ಣದ ಪುಡಿ, ಹೇರ್ ಫೈಬರ್, ಉದುರಿಸಿ ಸ್ಪ್ರೇ ಹೊಡೆದೆ. ಉಳಿದ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಮಂಗಳಸ್ನಾನ ಆದ ಮೇಲೆ ತಲೆ ಪೂರ್ತಿ ಒಣಗಿಸಿ ಮತ್ತೆ ಹಾಕಿಕೊಳ್ಳಲು ಹೇಳಿದೆ. ಮೇಲೆ ಪೇಟ ಹೇಗೂ ಇತ್ತು. ಮದುವೆ ಚೆನ್ನಾಗಿಯೇ ಆಯಿತಂತೆ.

ಮದುವೆಯ ಗಲಾಟೆ ಮುಗಿದ ಮೇಲೆ ಅವನು ಒಬ್ಬನೇ ಬಂದ. ಹೆಂಡತಿಗೆ ತಾನೇ ಹೇಳಿದನಂತೆ, ಅವಳು ದೊಡ್ಡದು ಮಾಡಲಿಲ್ಲವಂತೆ. ಆಪರೇಷನ್ ಕಥೆಯನ್ನೂ ಹೇಳಿದ. ಹಿಂದಿನಿಂದ ಚರ್ಮದ ಪಟ್ಟಿ ತೆಗೆದು ಹೊಲಿಗೆ ಹಾಕುವ ಎಫ್‌ಯುಟಿ ಮಾಡಿಸಿದ್ದ. ಸಣ್ಣ ಗೆರೆ ಉಳಿಯುತ್ತದೆ, ಕಾಣುವುದೇ ಇಲ್ಲ ಅಂದಿದ್ದರಂತೆ. ಊರಿಗೆ ಬಂದಾಗ ಅಡಿಕೆ ಕೊಯ್ಲು. ಹೊಲಿಗೆ ಬಿಚ್ಚಿಸಿದ ಸ್ವಲ್ಪ ದಿನಕ್ಕೇ ಮೂಟೆ ಹೊತ್ತಿದ್ದಾನೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಲ್ಲ, ಹೊರಲ್ಲ ಅನ್ನುವುದು ಹೇಗೆ?

ನನ್ನ ಹತ್ತಿರ ಕಟಿಂಗಿಗೆ ಬರುವ ಚರ್ಮದ ಡಾಕ್ಟರ್ ಒಬ್ಬರಿದ್ದಾರೆ. ಅವರನ್ನು ಬಿಡದೆ ಕೇಳಿ ತಿಳಿದುಕೊಂಡೆ. ಹೊಲಿದ ಜಾಗದ ಚರ್ಮ ಎಳೆತಕ್ಕೆ ಸಿಕ್ಕರೆ ಗೆರೆ ಅಗಲವಾಗುತ್ತದೆ. ಅದಕ್ಕೇ ಕೆಲವು ವಾರ ಭಾರ ಎತ್ತಬೇಡಿ, ಜಾಸ್ತಿ ಬಗ್ಗಬೇಡಿ ಅನ್ನುವುದು. ಚೆನ್ನಾಗಿ ವಾಸಿಯಾದರೆ ಗೆರೆ ಒಂದರಿಂದ ಮೂರು ಮಿಲಿಮೀಟರ್ ಅಗಲಕ್ಕೆ ನಿಲ್ಲುತ್ತದೆ. ಕೂದಲನ್ನು ಹಿಂದಿನಿಂದಲೇ ತೆಗೆಯುವುದು ಯಾಕೆ ಅಂದರೆ, ಅಲ್ಲಿನ ಕೂದಲು ಎಲ್ಲಿ ನೆಟ್ಟರೂ ಸುಲಭಕ್ಕೆ ಉದುರದ ತನ್ನ ಗುಣ ಬಿಡುವುದಿಲ್ಲ. ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಓರೆಂಟ್ರೈಕ್ 1959ರಲ್ಲೇ ಇದನ್ನು ಬರೆದು ತೋರಿಸಿದ್ದರಂತೆ.

"ಹೊಲಿಗೆ ಇಲ್ಲ, ಗುರುತೇ ಇಲ್ಲ" ಅನ್ನುವ ಜಾಹೀರಾತು ನೋಡಿದರೆ ಈಗ ನನಗೆ ಸಿಟ್ಟು ಬರುತ್ತದೆ. ಪಟ್ಟಿ ತೆಗೆಯದೆ ಕೂದಲನ್ನು ಬೇರು ಸಮೇತ ಬಿಡಿಬಿಡಿಯಾಗಿ ತೆಗೆಯುವ ಎಫ್‌ಯುಇಯಲ್ಲಿ ಹೊಲಿಗೆ ಇಲ್ಲ, ನಿಜ. ಆದರೆ ಹಾಗೆ ತೆಗೆಯುವ ಒಂದೊಂದು ತುಣುಕಿಗೂ, ಅಂದರೆ ಗ್ರಾಫ್ಟಿಗೂ, ಒಂದೊಂದು ತೂತು, ಸುಮಾರು ಒಂದು ಮಿಲಿಮೀಟರಿನ ಪಂಚ್. ಎರಡು ಸಾವಿರ ಗ್ರಾಫ್ಟ್ ತೆಗೆದರೆ ಎರಡು ಸಾವಿರ ಚಿಕ್ಕ ಗಾಯ. ವಾಸಿಯಾದ ಮೇಲೆ ಬಿಳಿ ಚುಕ್ಕಿ ಉಳಿಯಬಹುದು, ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದು ಎದ್ದು ಕಾಣುತ್ತದೆ. ಒಂದೇ ಕಡೆ ಜಾಸ್ತಿ ತೆಗೆದಿದ್ದರೆ ಹಿಂದೆ ಅಲ್ಲಲ್ಲಿ ಕೂದಲು ತೆಳ್ಳಗಾಗಿ, ಜೀರೋ ಹೊಡೆದಾಗ ಎಲ್ಲಾ ಕಾಣುತ್ತದೆ. ಕಿವಿ ಚುಚ್ಚಿಸಿದ ಕಡೆಯೋ ಎದೆಯ ಮೇಲೋ ಗಾಯ ಗಂಟುಗಂಟಾಗಿ ಬೆಳೆಯುವ ಮೈ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಅದು ಕೀಲಾಯ್ಡ್. ತಲೆಯಲ್ಲೂ ಬರಬಹುದು.

ಇನ್ನೊಂದು ವಿಷಯ. ಟ್ರಾನ್ಸ್‌ಪ್ಲಾಂಟಿಗೆ ಗಿರಾಕಿ ಕಳಿಸಿ, ಕಮಿಷನ್ ಕೊಡ್ತೀವಿ ಅಂತ ನಮ್ಮಂಥವರಿಗೆ ಫೋನ್ ಬರುತ್ತದೆ. ಕಲಿತರೆ ಸಲೂನಿನಲ್ಲೇ ಮಾಡಬಹುದು ಅನ್ನುವವರೂ ಇದ್ದಾರೆ. ಬೇಡ. ವರ್ಕ್‌ಶಾಪಿನಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಈ ಕೆಲಸಕ್ಕೆ ಸಾಲದು ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಡಾಕ್ಟರುಗಳಿಗೇ ಹೇಳಿದೆ. ನಾವು ಕೈ ಹಾಕುವ ಮಾತೇ ಇಲ್ಲ.

ಈಗ ನನ್ನ ಕೈಕೆಳಗಿನ ಹುಡುಗರು ಹಿಂದೆ ಮಷೀನ್ ಇಡುವ ಮುಂಚೆ ಬಾಚಣಿಗೆಯಿಂದ ಕೂದಲೆತ್ತಿ ಕಿವಿಯಿಂದ ಕಿವಿಗೆ ಬೆರಳು ಆಡಿಸಬೇಕು. ಗೆರೆಯೋ ಚುಕ್ಕಿಯೋ ಕಂಡರೆ ಬಗ್ಗಿ, ಅವರಿಗೆ ಮಾತ್ರ ಕೇಳುವಂತೆ ಕೇಳಬೇಕು. ಅಲ್ಲಿ ರೇಜರ್ ಒತ್ತಬಾರದು. ಮಷೀನ್ ಬಿಸಿಯಾಗಿದ್ದರೆ ಇಡಲೇಬಾರದು, ಗೆರೆಯ ಸುತ್ತಮುತ್ತ ಕೆಲವರಿಗೆ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟರೂ ಹೇಳುವುದಿಲ್ಲ. ಆಪರೇಷನ್ ಹೊಸದಾಗಿದ್ದರೆ ಡಾಕ್ಟರ್ ಸರಿ ಅನ್ನುವವರೆಗೆ ಕಟಿಂಗೇ ಬೇಡ.

ಗುರುತು ಇರುವವರು ಸುಮ್ನೆ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಬೇಡಿ. ಅಗಲವಾದ ಗೆರೆಯ ಮೇಲೆ ಮತ್ತೆ ಕೂದಲು ನೆಡುತ್ತಾರೆ, ಚುಕ್ಕಿಚುಕ್ಕಿಯಾಗಿ ಬಣ್ಣ ತುಂಬುತ್ತಾರೆ, ಉಬ್ಬಿದ ಗುರುತಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಯಾವುದು ನಿಮಗೆ ಆಗುತ್ತದೆ ಅಂತ ಚರ್ಮದ ಡಾಕ್ಟರನ್ನೇ ಕೇಳಿ. ಗುರುತು ಹಣ್ಣಾಗಿ ಒಂದು ರೂಪಕ್ಕೆ ಬರಲು ವರ್ಷದ ಹತ್ತಿರ ಬೇಕು, ಅವಸರ ಬೇಡ. ಸಲೂನಿಗೆ ಹೋದಾಗ ಜೊತೆಗೆ ಬಂದವರನ್ನು ಟೀ ಕುಡಿದು ಬರಲು ಕಳಿಸಿ. ಕೇಪ್ ಕಟ್ಟುವಾಗಲೇ "ಹಿಂದೆ ಹೊಲಿಗೆ ಇದೆ, ನಂಬರ್ ನಾಲ್ಕಕ್ಕಿಂತ ಕೆಳಗೆ ಬೇಡ" ಅಂತ ಹೇಳಿ. ಅಷ್ಟು ಹೇಳಿದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.