ಸದ್ದಿಲ್ಲದೆ ಆರಿಹೋಗುತ್ತಿದ್ದ ಡೆಸ್ಕ್‌ಟಾಪ್

ಬಳ್ಳಾರಿಯ ನಮ್ಮ ಮನೆಯ ಡೆಸ್ಕ್‌ಟಾಪ್ ಏಪ್ರಿಲ್ ತಿಂಗಳಿಡೀ ಯಾವ ಮುನ್ಸೂಚನೆಯೂ ಇಲ್ಲದೆ ಆರಿ, ತಾನಾಗಿಯೇ ಮತ್ತೆ ಚಾಲೂ ಆಗುತ್ತಿತ್ತು. ವಿಂಡೋಸ್ ಕುಸಿದಾಗ ದೋಷ ತಿಳಿಸುವ ನೀಲಿ ಪರದೆ ಒಮ್ಮೆಯೂ ಕಾಣಿಸಲಿಲ್ಲ. ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ‘ಕರ್ನಲ್-ಪವರ್ 41’ ಎಂಬ ದಾಖಲೆ ಸಿಗುತ್ತಿತ್ತಾದರೂ, ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ಮರುಚಾಲನೆಗೊಂಡಿತು ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು ಏಕೆ ಎಂಬುದನ್ನಲ್ಲ; ಕಳವಾಗಿದೆ ಎಂದು ಬರೆದುಕೊಂಡು ಸುಮ್ಮನಾಗುವ ಪೇದೆಯಂತೆ.

ನನ್ನ ಮೊದಲ ಅನುಮಾನ ಸಹಜವಾಗಿಯೇ ಬಿಸಿಲಿನ ಮೇಲೆ ಹೋಯಿತು. ಕ್ಯಾಬಿನೆಟ್ ತೆರೆದು ನೋಡಿದರೆ, ಸಿಪಿಯು ಫ್ಯಾನಿನ ಅಡಿಯಲ್ಲಿ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳ ನಡುವೆ, ಅದಿರು ಲಾರಿಗಳ ಊರಿಗೆ ತಕ್ಕಂತೆ, ಕೆಂಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಪೇಂಟ್ ಬ್ರಷ್‌ನಿಂದ ಅದನ್ನು ಬಿಡಿಸಿ ಸಿಪಿಯುವಿನ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದ ಮೇಲೆ ಉಷ್ಣತೆ 92ರಿಂದ 68 ಡಿಗ್ರಿಗೆ ಇಳಿಯಿತು, ಕ್ರ್ಯಾಶ್ ಮಾತ್ರ ನಿಲ್ಲಲಿಲ್ಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ರಾತ್ರಿಯಿಡೀ ಓಡಿದರೂ ರ‍್ಯಾಮ್‌ನಲ್ಲಿ ದೋಷ ಕಾಣಲಿಲ್ಲ. ರಿಪೇರಿಯವರೊಬ್ಬರು, ಕ್ಯಾಬಿನೆಟ್ ಮುಟ್ಟದೆಯೇ, ಮದರ್‌ಬೋರ್ಡ್ ಬದಲಿಸಿ ಎಂದರು.

ಸುಳಿವು ಕೊಟ್ಟವಳು ಮಗಳು. ತಾನು ಗೇಮ್ ಆಡುವಾಗ ಮಾತ್ರ ಹೀಗಾಗುತ್ತದೆ ಎಂದಳು. ಅಂದರೆ ಗ್ರಾಫಿಕ್ಸ್ ಕಾರ್ಡ್ ಹೆಚ್ಚು ವಿದ್ಯುತ್ ಎಳೆಯುವಾಗ. ಡೆಸ್ಕ್‌ಟಾಪ್‌ಗಳ ವಿದ್ಯುತ್ ಪೂರೈಕೆಗಿರುವ ಎಟಿಎಕ್ಸ್ ಮಾನದಂಡದ ಪ್ರಕಾರ, ಕಾರ್ಡ್‌ಗೆ ವಿದ್ಯುತ್ ಕೊಡುವ 12 ವೋಲ್ಟ್ ಲೈನಿನಲ್ಲಿ ಏರುಪೇರು ಶೇ. 5ರೊಳಗಿರಬೇಕು, ಎಂದರೆ 11.4ಕ್ಕಿಂತ ಕೆಳಗಿಳಿಯಬಾರದು. ಗೇಮ್ ಓಡುತ್ತಿರುವಾಗಲೇ ಖಾಲಿ ಇದ್ದ ಮೋಲೆಕ್ಸ್ ಕನೆಕ್ಟರ್‌ನ ಹಳದಿ (12 ವೋಲ್ಟ್) ಮತ್ತು ಕಪ್ಪು (ಗ್ರೌಂಡ್) ತಂತಿಗಳಿಗೆ ಮಲ್ಟಿಮೀಟರ್ ಹಿಡಿದೆ: 11.1 ತೋರಿಸಿತು, ಮರುಕ್ಷಣ ಪರದೆ ಕಪ್ಪಾಯಿತು. ಅಷ್ಟು ಖುಷಿಯಿಂದ ನಾನು ಯಾವ ಕ್ರ್ಯಾಶನ್ನೂ ನೋಡಿರಲಿಲ್ಲ.

ದೋಷವಿದ್ದದ್ದು ಎಸ್‌ಎಂಪಿಎಸ್‌ನಲ್ಲಿ, ಅಂದರೆ ಯಂತ್ರಕ್ಕೆ ವಿದ್ಯುತ್ ಪೂರೈಸುವ ಡಬ್ಬಿಯಲ್ಲಿ. ಹೊಸದನ್ನು ಹಾಕಿ ಮೂರು ವಾರಗಳಾದವು, ಒಮ್ಮೆಯೂ ಆರಿಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದಾದ್ದರಿಂದ ಹಳೆಯ ಡಬ್ಬಿಯನ್ನು ಬಿಚ್ಚದೆ ಹಾಗೆಯೇ ಅಟ್ಟದ ಮೇಲಿಟ್ಟಿದ್ದೇನೆ.